ನೆಲವೂ ಡೊಂಕು, ಹೆಜ್ಜೆಯೂ ಡೊಂಕು

ಊಟ ಮುಗಿದು ಮನೆ ಸದ್ದಡಗಿದ ಮೇಲೆ ಆಕಾಶದ ಚಿತ್ರಗಳನ್ನು ಹಿಗ್ಗಿಸಿ ನೋಡುತ್ತ ಕೂರುವುದು ನನ್ನ ಬಹುಕಾಲದ ಸುಖ. ಈ ರಾತ್ರಿ ಪರದೆಯ ಮೇಲಿರುವುದು ಚಿಲಿ ದೇಶದ ಸೆರೊ ಟೊಲೊಲೊ ಬೆಟ್ಟದಿಂದ ತೆಗೆದ ಚಿತ್ರ. ಅಲ್ಲಿರುವ ನಾಲ್ಕು ಮೀಟರಿನ ಬ್ಲಾಂಕೊ ದೂರದರ್ಶಕಕ್ಕೆ 57 ಕೋಟಿ ಪಿಕ್ಸೆಲ್ಲುಗಳ ಕ್ಯಾಮೆರಾ ಜೋಡಿಸಿ, 2013ರಿಂದ 2019ರವರೆಗೆ 758 ರಾತ್ರಿ ನಿದ್ದೆಗೆಟ್ಟು, ಇಡೀ ಆಕಾಶದ ಎಂಟನೇ ಒಂದು ಭಾಗವನ್ನು ಸೆರೆಹಿಡಿದರು. ಆ ಕೆಲಸಕ್ಕೆ ಡಾರ್ಕ್ ಎನರ್ಜಿ ಸರ್ವೆ ಎಂದು ಹೆಸರು. ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹತ್ತಿರದ ನಕ್ಷತ್ರಗಳು, ಚೂಪಾಗಿ, ಜಂಬದಿಂದ ಹೊಳೆಯುತ್ತವೆ. ನನ್ನ ಕಣ್ಣು ಅವನ್ನು ದಾಟಿ ಕತ್ತಲೆಯೊಳಕ್ಕೆ ಇಳಿಯುತ್ತದೆ. ಅಲ್ಲಿ, ವಿಭೂತಿ ಮೆತ್ತಿದ ಬೆರಳು ಕರಿಹಲಗೆಯನ್ನು ಸೋಕಿ ಹೋದಂತೆ, ಒಂದು ಮಸುಕು ಮಚ್ಚೆ. ಕೆಲವೇ ಪಿಕ್ಸೆಲ್ಲುಗಳ ಅಗಲ. ಅಂಚು ಎಲ್ಲಿ ಮುಗಿಯಿತು, ಕತ್ತಲೆ ಎಲ್ಲಿ ಶುರುವಾಯಿತು ಎಂದು ಹೇಳಲಾಗದು.

ಅದೊಂದು ಗೆಲಾಕ್ಸಿ. ಕೋಟಿ ಕೋಟಿ ನಕ್ಷತ್ರಗಳ ಸಂಸಾರ. ನಮ್ಮ ಭೂಮಿ ಹುಟ್ಟುವ ಮೊದಲೇ ಹೊರಟ ಬೆಳಕು ಈಗ ಬಂದು ನನ್ನ ಮೇಜಿನ ಮೇಲೆ ಕೂತಿದೆ. ಆದರೆ ಅದಕ್ಕಿಂತ ರುಚಿಯಾದ ಪ್ರಶ್ನೆಯೊಂದಿದೆ: ಈ ಮಚ್ಚೆ ದುಂಡಗಿದೆಯೋ, ಚೂರು ಉದ್ದವಾಗಿದೆಯೋ? ಉದ್ದವಾಗಿದ್ದರೆ, ಯಾವ ದಿಕ್ಕಿಗೆ?

ಬೆಳಕು ಭಾರವಾದ ವಸ್ತುವಿನ ಪಕ್ಕ ಹಾಯುವಾಗ ಬಾಗುತ್ತದೆ. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಕೋನಸೆಕೆಂಡಿನಷ್ಟು ಬಾಗಬೇಕೆಂದು ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. 1919ರ ಗ್ರಹಣದಲ್ಲಿ ಎಡಿಂಗ್ಟನ್ ಮತ್ತು ಸಂಗಡಿಗರು ಪ್ರಿನ್ಸಿಪೆ ದ್ವೀಪದಿಂದಲೂ ಬ್ರೆಜಿಲಿನ ಸೊಬ್ರಾಲಿನಿಂದಲೂ ಅದನ್ನು ನೋಡಿದರು. ದೂರದ ಗೆಲಾಕ್ಸಿಯ ಬೆಳಕಿನ ದಾರಿಯಲ್ಲಿ ಸೂರ್ಯನಂಥ ಒಂದು ಕಲ್ಲಿಲ್ಲ. ಉದ್ದಕ್ಕೂ ಕಾಣದ ಕಪ್ಪು ದ್ರವ್ಯದ ದಿಬ್ಬಗಳು, ತಗ್ಗುಗಳು. ಬೆಳಕು ಅಲ್ಲಿಷ್ಟು ಬಾಗಿ, ಇಲ್ಲಿಷ್ಟು ಸರಿದು ಬರುವಾಗ ಗೆಲಾಕ್ಸಿಯ ಆಕಾರವೇ ಒಂದು ದಿಕ್ಕಿಗೆ ನವಿರಾಗಿ ಎಳೆಯಲ್ಪಡುತ್ತದೆ. ಇದೇ ದುರ್ಬಲ ಗುರುತ್ವ ಮಸೂರ. ಎಳೆತ ಎಷ್ಟು? ಸರಿಸುಮಾರು ನೂರಕ್ಕೆ ಒಂದು.

ಆ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಜೋಳದ ರೊಟ್ಟಿಯನ್ನು ನೆನೆಯಿರಿ. ಇಪ್ಪತ್ತು ಸೆಂಟಿಮೀಟರ್ ಅಗಲದ ರೊಟ್ಟಿ ಒಂದು ಕಡೆ ಎರಡು ಮಿಲಿಮೀಟರ್ ಹಿಗ್ಗಿ, ಅಡ್ಡಕ್ಕೆ ಎರಡು ಮಿಲಿಮೀಟರ್ ಕುಗ್ಗಿದರೆ ಅದು ನೂರಕ್ಕೆ ಒಂದರ ಎಳೆತ. ತಾಟಿಗೆ ಬಿದ್ದ ರೊಟ್ಟಿಯಲ್ಲಿ ಅದನ್ನು ಯಾರು ಗುರುತಿಸುತ್ತಾರೆ? ಕೈಯಲ್ಲಿ ಬಡಿದ ರೊಟ್ಟಿ ಮೊದಲೇ ತನ್ನಷ್ಟಕ್ಕೆ ಅಂಕುಡೊಂಕು. ಗೆಲಾಕ್ಸಿಗಳೂ ಹಾಗೆಯೇ, ಒಂದು ತಟ್ಟೆ, ಇನ್ನೊಂದು ಮೊಟ್ಟೆ, ಮತ್ತೊಂದು ಅಡ್ಡಕ್ಕೆ ನಿಂತ ಕಡ್ಡಿ. ಅವುಗಳ ಹುಟ್ಟು ಡೊಂಕು ಈ ಎಳೆತಕ್ಕಿಂತ ಇಪ್ಪತ್ತೈದು ಮೂವತ್ತು ಪಟ್ಟು ದೊಡ್ಡದು. ಒಂದು ರೊಟ್ಟಿ ಏನನ್ನೂ ಹೇಳದು. ಊರಿನ ಅಷ್ಟೂ ಮನೆಗಳ ಲಕ್ಷ ರೊಟ್ಟಿಗಳನ್ನು ಅಳೆದು ಸರಾಸರಿ ತೆಗೆದಾಗ, ಎಲ್ಲವೂ ಒಂದೇ ದಿಕ್ಕಿಗೆ ಕೂದಲೆಳೆಯಷ್ಟು ಉದ್ದವಾಗಿವೆ ಎಂದು ತಿಳಿದರೆ, ಆಗ ಮಾತ್ರ ಹೇಳಬಹುದು: ಇದು ಬಡಿದವರ ಕೈಯಲ್ಲ, ಇದಕ್ಕೆ ಬೇರೆಯೇ ಕಾರಣವಿದೆ.

1990ರಲ್ಲಿ ಟೈಸನ್, ವಾಲ್ಡೆಸ್ ಮತ್ತು ವೆಂಕ್ ಇಂಥ ಎಳೆತವನ್ನು ಗೆಲಾಕ್ಸಿಗಳ ಭಾರೀ ಗುಂಪುಗಳ ಸುತ್ತ ಮೊದಲು ಕಂಡರು. ಯಾವ ಗುಂಪಿನ ಹಂಗೂ ಇಲ್ಲದ ಬರಿಯ ಬಯಲು ಆಕಾಶದಲ್ಲಿ, ವಿಶ್ವದ ಒಟ್ಟು ಹೆಣಿಗೆ ಎಲ್ಲ ಕಡೆ ಎಳೆಯುವ ಎಳೆತವನ್ನು 2000ನೇ ಇಸವಿಯಲ್ಲಿ ನಾಲ್ಕು ತಂಡಗಳು ಬೇರೆ ಬೇರೆಯಾಗಿ, ಹೆಚ್ಚುಕಡಿಮೆ ಒಟ್ಟಿಗೇ ಸಾರಿದವು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬುದು ನಮ್ಮ ಗಾದೆ. ಈ ವಿದ್ಯೆಯಲ್ಲಿ ನೆಲ ನಿಜವಾಗಿಯೂ ಡೊಂಕು. ಆ ಡೊಂಕನ್ನು ಅಳೆಯುವುದೇ ಕೆಲಸ. ಆದರೆ ಅಳೆಯುವವರ ಹೆಜ್ಜೆಯೂ ಡೊಂಕು, ಅದೂ ನೆಲದ ಡೊಂಕಿಗಿಂತ ಹೆಚ್ಚು. ಯಾವುದು ನೆಲದ್ದು, ಯಾವುದು ಹೆಜ್ಜೆಯದು ಎಂದು ಬಿಡಿಸುವ ಮೂವತ್ತು ವರ್ಷಗಳ ಕುಸುರಿಯಿದೆಯಲ್ಲ, ನಾನು ಮನಸೋತಿರುವುದು ಅದಕ್ಕೆ. ಖಗೋಳ ವಿಜ್ಞಾನಿಗಳು ಹೆಜ್ಜೆಯ ಡೊಂಕನ್ನು ಬಯಾಸ್ ಎನ್ನುತ್ತಾರೆ. ತಕ್ಕಡಿಯ ನೆನಪಿನಲ್ಲಿ ನಾನು ಅದನ್ನು ವಾಲು ಎನ್ನುತ್ತೇನೆ.

ವಾಲು ಎಲ್ಲೆಲ್ಲಿಂದ ಬರುತ್ತದೆ ನೋಡಿ. ಮೊದಲನೆಯದು ಗಾಳಿ. ಬೆಳಕು ಕೋಟ್ಯಂತರ ವರ್ಷ ಶುಭ್ರವಾಗಿ ನಡೆದು, ಕೊನೆಯ ಚಿಟಿಕೆಯ ಹೊತ್ತಿನಲ್ಲಿ ನಮ್ಮ ವಾತಾವರಣದೊಳಗೆ ನಡುಗಿ ಹರಡುತ್ತದೆ. ಚುಕ್ಕಿಯಾಗಬೇಕಿದ್ದ ನಕ್ಷತ್ರ ಗಸಗಸೆ ಕಾಳಿನಂತೆ ಊದಿಕೊಳ್ಳುತ್ತದೆ. ಗಾಳಿ ಬೀಸಿದ ದಿಕ್ಕಿಗೆ ಚೂರು ವಾಲಿಕೊಳ್ಳುತ್ತದೆ. ಮಸೂರಗಳ ಜೋಡಣೆಯಲ್ಲಿ ಕೂದಲಿನಷ್ಟು ವ್ಯತ್ಯಾಸವಿದ್ದರೆ ಅದೂ ಸೇರುತ್ತದೆ. ಇದಕ್ಕೆ ಮದ್ದು ಆ ಜಂಬದ ನಕ್ಷತ್ರಗಳೇ. ನಕ್ಷತ್ರ ಎಷ್ಟು ದೂರವೆಂದರೆ ಅದಕ್ಕೆ ಅಗಲವೇ ಇಲ್ಲ. ಚಿತ್ರದಲ್ಲಿ ಕಾಣುವ ಅದರ ಅಗಲವೆಲ್ಲ ಗಾಳಿಯದು, ಗಾಜಿನದು. ಹೀಗೆ ಚಿತ್ರದುದ್ದಕ್ಕೂ ಚೆಲ್ಲಿರುವ ನಕ್ಷತ್ರಗಳಿಂದ ಮಸುಕಿನ ನಕಾಶೆ ಬರೆದು, ನಡುವೆ ಇರುವ ಗೆಲಾಕ್ಸಿಗಳಿಂದ ಅದನ್ನು ಕಳೆಯುತ್ತಾರೆ. 1995ರಲ್ಲಿ ಕೈಸರ್, ಸ್ಕ್ವೈರ್ಸ್ ಮತ್ತು ಬ್ರಾಡ್‌ಹರ್ಸ್ಟ್ ಹಾಕಿಕೊಟ್ಟ ವಿಧಾನ ಹತ್ತಾರು ವರ್ಷ ಈ ಕೆಲಸದ ಬೆನ್ನೆಲುಬಾಗಿತ್ತು.

ಎರಡನೆಯದು ಸಿಲಿಕಾನ್. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನೀವೂ ನಿಲ್ಲಿ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸಿಸಿಡಿ ಎಂಬ ಬಿಲ್ಲೆಯನ್ನು ಕತ್ತರಿಸುವುದು ಕರಗಿದ ಸಿಲಿಕಾನಿನಿಂದ ಬೆಳೆಸಿದ ದುಂಡನೆಯ ಹರಳುಗಂಬದಿಂದ. ಕಂಬ ಬೆಳೆಯುವಾಗ ಅದರೊಳಗಿನ ಬೆರಕೆ ಒಂದು ಸುತ್ತಿಗೆ ಹೆಚ್ಚು, ಮುಂದಿನ ಸುತ್ತಿಗೆ ಕಡಿಮೆ ಆಗುತ್ತ ಹೋಗುತ್ತದೆ. ಸಮನಾದ ಬೆಳಕು ಹಾಯಿಸಿ ಬಿಲ್ಲೆಯ ಚಿತ್ರ ತೆಗೆದರೆ, ಅದರ ಮೈಯಲ್ಲಿ ನಯವಾದ ಉಂಗುರಗಳು ಮೂಡುತ್ತವೆ: ಕಡಿದ ತೇಗದ ಮರದ ಅಡ್ಡಹೋಳಿನಲ್ಲಿ ಕಾಣುವಂಥವೇ, ಒಳಗಿನಿಂದ ಹೊರಕ್ಕೆ ಹರಡಿದ, ಒಂದಕ್ಕೊಂದು ಅಂಟಿಕೊಂಡ ಬಳೆಗಳು. ವಿಜ್ಞಾನಿಗಳೂ ಅವನ್ನು ಮರದ ಉಂಗುರಗಳೆಂದೇ ಕರೆಯುತ್ತಾರೆ. ಆ ಉಂಗುರಗಳ ಬಳಿ ಹುಟ್ಟುವ ಅಡ್ಡ ವಿದ್ಯುತ್ ಸೆಳೆತ, ಬೆಳಕು ಬಿದ್ದಾಗ ಬಿಲ್ಲೆಯಲ್ಲಿ ಏಳುವ ಎಲೆಕ್ಟ್ರಾನುಗಳನ್ನು ತುಸು ಪಕ್ಕಕ್ಕೆ ದೂಡುತ್ತದೆ. ಗೆಲಾಕ್ಸಿ ತಾನಿದ್ದ ಜಾಗದಿಂದ ಸರಿದು, ಆಕಾರ ಬದಲಿಸಿ ಕೂರುತ್ತದೆ. ವಿಶ್ವದ ಕಪ್ಪು ದ್ರವ್ಯವನ್ನು ತೂಗುವವರು ಮೊದಲು ಒಂದು ಹರಳು ಕುಲುಮೆಯಲ್ಲಿ ಬೆಳೆದ ಬಗೆಯನ್ನು ಓದಬೇಕು!

ಅದೇ ಬಿಲ್ಲೆಯ ಇನ್ನೊಂದು ಗುಣ ಇನ್ನೂ ನವಿರು. ಒಂದು ಪಿಕ್ಸೆಲ್ಲಿನಲ್ಲಿ ಎಲೆಕ್ಟ್ರಾನುಗಳು ತುಂಬುತ್ತ ಬಂದಂತೆ, ಆಮೇಲೆ ಬರುವ ಎಲೆಕ್ಟ್ರಾನುಗಳನ್ನು ಅವು ಪಕ್ಕದ ಮನೆಗೆ ತಳ್ಳುತ್ತವೆ. ಹಾಗಾಗಿ ಹೊಳೆಯುವ ನಕ್ಷತ್ರ ಮಂದ ನಕ್ಷತ್ರಕ್ಕಿಂತ ಕೊಂಚ ದಪ್ಪ ಕಾಣುತ್ತದೆ. ಮಸುಕಿನ ನಕಾಶೆ ಬರೆದದ್ದು ಹೊಳೆಯುವ ನಕ್ಷತ್ರಗಳಿಂದ, ಆ ನಕಾಶೆ ಬಳಸುವುದು ಮಂದ ಗೆಲಾಕ್ಸಿಗಳಿಗೆ. ಇದನ್ನು ಗಮನಿಸದಿದ್ದರೆ ಗೆಲಾಕ್ಸಿಯಿಂದ ಇಲ್ಲದ ಮಸುಕನ್ನೂ ಕಳೆದು, ಅದು ಇರುವುದಕ್ಕಿಂತ ಹೆಚ್ಚು ಉದ್ದವೆಂದು ಬರೆದುಬಿಡುತ್ತಾರೆ. ವಾತಾವರಣದ ಗೊಡವೆಯೇ ಬೇಡವೆಂದು ಆಕಾಶಕ್ಕೆ ಹೋದ ಹಬಲ್ ದೂರದರ್ಶಕಕ್ಕೂ ಇಂಥದೇ ಒಂದು ಪಾಡು: ಅಲ್ಲಿನ ವಿಕಿರಣ ಸಿಲಿಕಾನಿಗೆ ಸಣ್ಣ ಸಣ್ಣ ಗಾಯ ಮಾಡುತ್ತದೆ, ಆ ಗಾಯಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿ ತಡವಾಗಿ ಹೊರಬಂದು, ಗೆಲಾಕ್ಸಿಯ ಹಿಂದೆ ಸೆರಗಿನಂತೆ ಎಳೆದುಕೊಂಡು ಹೋಗುತ್ತವೆ.

ಮೂರನೆಯದು ಗದ್ದಲ, ಅಂದರೆ ಚಿತ್ರದ ಕಾಳುಕಾಳಾದ ಏರುಪೇರು. ಗದ್ದಲ ಒಮ್ಮೆ ಹೆಚ್ಚಿಸುತ್ತದೆ, ಒಮ್ಮೆ ತಗ್ಗಿಸುತ್ತದೆ. ಕೋಟಿ ಗೆಲಾಕ್ಸಿಗಳಲ್ಲಿ ಎರಡೂ ಸರಿದೂಗಬೇಕಲ್ಲವೇ? ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಗೆಲಾಕ್ಸಿಯ ಡೊಂಕನ್ನು ಹೇಳುವ ಸಂಖ್ಯೆ ಒಂದು ಭಾಗಾಕಾರ. ಭಾಗಾಕಾರದ ಕೆಳಗೆ ಗದ್ದಲ ಸೇರಿದರೆ ಸರಿದೂಗುವುದಿಲ್ಲ. 12ನ್ನು 4ರಿಂದ ಭಾಗಿಸಿದರೆ 3. ಆ 4 ಒಮ್ಮೆ 5 ಆಗಿ, ಒಮ್ಮೆ 3 ಆಗಿ ಕಂಡಿತೆನ್ನಿ. ಉತ್ತರ ಒಮ್ಮೆ 2.4, ಒಮ್ಮೆ 4, ಸರಾಸರಿ 3.2. ಎಲ್ಲಿಂದ ಬಂತು ಆ 0.2? ಯಾರ ಕೈವಾಡವೂ ಇಲ್ಲ, ಗಣಿತವೇ ತಂದಿತು. ಈ ಪುಟ್ಟ ಲೆಕ್ಕ ಮೊದಲ ಸಲ ಅರ್ಥವಾದ ದಿನ ನನಗೆ ಒಳ್ಳೆಯ ಒಗಟು ಬಿಡಿಸಿದಷ್ಟು ಹಿಗ್ಗಾಗಿತ್ತು.

ಈ ಎಲ್ಲ ವಾಲುಗಳನ್ನೂ ಒಂದೇ ಚಿಕ್ಕ ಸಾಲಿನಲ್ಲಿ ಕಟ್ಟಿದ್ದಾರೆ. ಅಳೆದು ಬಂದ ಎಳೆತ ಎಂದರೆ ನಿಜವಾದ ಎಳೆತವನ್ನು 1 ಮತ್ತು ‘ಎಂ’ಗಳ ಮೊತ್ತದಿಂದ ಗುಣಿಸಿ ‘ಸಿ’ಯನ್ನು ಕೂಡಿದ್ದು. ಕ್ಯಾಥರೀನ್ ಹೇಮನ್ಸ್ ಮುಂದಾಳತ್ವದಲ್ಲಿ ಹಲವು ತಂಡಗಳು ಸೇರಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ಈ ಎರಡು ಅಕ್ಷರ ಆ ಲೋಕದ ಮನೆಮಾತು. ಸಿ ಕೂಡುವ ವಾಲು, ಎಂ ಗುಣಿಸುವ ವಾಲು. ಸಿ ತನ್ನನ್ನು ತಾನೇ ತೋರಿಸಿಕೊಡುತ್ತದೆ: ವಿಶ್ವಕ್ಕೆ ಇಷ್ಟದ ದಿಕ್ಕೆಂಬುದಿಲ್ಲವಾದ್ದರಿಂದ ವಿಶಾಲ ಆಕಾಶದ ಸರಾಸರಿ ಎಳೆತ ಸೊನ್ನೆಯಾಗಬೇಕು, ಆಗದಿದ್ದರೆ ಅದು ಉಪಕರಣದ್ದು. ಎಂ ಹಾಗಲ್ಲ. ಅದು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ, ಇಲ್ಲವೇ ಕುಗ್ಗಿಸಿ, ಸುಳಿವು ಬಿಡದೆ ಕೂರುತ್ತದೆ. ಎಂ ಶೇಕಡಾ ಮೂರು ಹೆಚ್ಚಾಗಿದ್ದರೆ, ದ್ರವ್ಯವೇ ಅಷ್ಟು ಹೆಚ್ಚು ಗಂಟುಗಟ್ಟಿದ ಇನ್ನೊಂದು ವಿಶ್ವ ನಮ್ಮೆದುರು ಇದ್ದಂತೆ ಕಾಣುತ್ತದೆ. ಅಳೆದ ಎಳೆತವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರೊಳಗಿನ ಎಂ ಕಾಣುವುದಿಲ್ಲ.

ಹಾಗಾದರೆ ಹಿಡಿಯುವುದು ಹೇಗೆ? ಮೊದಲ ದಾರಿ, ಉತ್ತರ ಮೊದಲೇ ಗೊತ್ತಿರುವ ಆಕಾಶವನ್ನು ತಾವೇ ಮಾಡುವುದು. ಕಂಪ್ಯೂಟರಿನಲ್ಲಿ ಕೃತಕ ಗೆಲಾಕ್ಸಿಗಳನ್ನು ಬಿಡಿಸಿ, ಗುಟ್ಟಾಗಿ ಒಂದಿಷ್ಟು ಎಳೆದು, ಗಾಳಿಯ ಮಸುಕು ಬಳಿದು, ಗದ್ದಲ ಎರಚಿ, ಬೇರೆಯವರಿಗೆ ಕೊಟ್ಟು ಅಳೆಯಿರಿ ಎನ್ನುವುದು. ಗ್ರೇಟ್08, ಗ್ರೇಟ್10, ಗ್ರೇಟ್3 ಎಂದು ಸಾಲಾಗಿ ನಡೆದ ಸ್ಪರ್ಧೆಗಳೇ ಇದಕ್ಕಾಗಿ ಇದ್ದವು. ಮೊದಲನೆಯದು ಕಂಪ್ಯೂಟರ್ ವಿಜ್ಞಾನಿಗಳನ್ನೂ ಕೈಬೀಸಿ ಕರೆಯಿತು, ಮೂರನೆಯದು ಹಬಲ್ ತೆಗೆದ ನಿಜವಾದ ಗೆಲಾಕ್ಸಿಗಳ ಒರಟು ಸುಂದರ ಮೈಯನ್ನೇ ಬಳಸಿತು. ಇಂಥ ಕೃತಕ ಆಕಾಶಗಳಲ್ಲಿ ಒಂದು ಚಂದದ ಉಪಾಯವಿದೆ. ಪ್ರತಿ ಗೆಲಾಕ್ಸಿಗೂ ಒಂದು ಅವಳಿ. ಅವಳಿಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ಇಡುತ್ತಾರೆ. ಒಂದು ನಿಂತಿದ್ದರೆ ಇನ್ನೊಂದು ಮಲಗಿದೆ. ಎರಡನ್ನೂ ಕೂಡಿದರೆ ಹುಟ್ಟು ಡೊಂಕು ಅಳಿಸಿಹೋಗಿ, ತಾವು ಎಳೆದ ಎಳೆತವಷ್ಟೇ ಉಳಿಯುತ್ತದೆ. ಸಂತೆಯಲ್ಲಿ ತಕ್ಕಡಿಯ ಮೇಲೆ ಅನುಮಾನ ಬಂದಾಗ ಹಿರಿಯರು ಮಾಡುತ್ತಿದ್ದುದೂ ಇದನ್ನೇ: ಬಟ್ಟು ಈ ತಟ್ಟೆಗೆ, ಸಾಮಾನು ಆ ತಟ್ಟೆಗೆ ಅದಲುಬದಲು ಮಾಡಿ ಇನ್ನೊಮ್ಮೆ ತೂಗು ಎನ್ನುತ್ತಿದ್ದರು.

ಆದರೆ ಕೃತಕ ಆಕಾಶ ನಿಜದ ಆಕಾಶವನ್ನು ಹೋಲದಿದ್ದರೆ ಅದರಿಂದ ಕಲಿತ ತಿದ್ದುಪಡಿಯೂ ಸುಳ್ಳಾಗುತ್ತದೆ. ಆ ಕೊರಗಿನಿಂದ ಹುಟ್ಟಿದ್ದು ಎರಡನೆಯ ದಾರಿ. ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಜಾಗ. ನಿಧಾನವಾಗಿ ಹೋಗೋಣ.

2017ರಲ್ಲಿ ಎರಿಕ್ ಹಫ್, ರೇಚಲ್ ಮಂಡೆಲ್‌ಬಾಮ್ ಮತ್ತು ಎರಿನ್ ಶೆಲ್ಡನ್ ಎರಡು ಪ್ರಬಂಧಗಳಲ್ಲಿ ಇದನ್ನು ಬಿಡಿಸಿಟ್ಟರು. ಮೆಟಾಕ್ಯಾಲಿಬ್ರೇಶನ್ ಎಂದು ಹೆಸರು. ನಿಮ್ಮ ಎದುರು ಆ ಮಸುಕು ಮಚ್ಚೆಯಿದೆ. ಅದರ ನಿಜವಾದ ಆಕಾರ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಸರಿ. ಮೊದಲು ಚಿತ್ರದಿಂದ ಗಾಳಿಯ ಮಸುಕನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಡಿ. ಈಗ ಆ ಮಚ್ಚೆಯನ್ನು ನೀವೇ ಎಳೆಯಿರಿ, ನೂರಕ್ಕೆ ಒಂದರಷ್ಟು, ಒಂದು ಪಿಸುಮಾತಿನಷ್ಟು. ಮತ್ತೆ ಮಸುಕನ್ನು ಹೊದಿಸಿ, ಈ ಸಲ ತುಸು ಅಗಲವಾದ, ದುಂಡನೆಯ ಮಸುಕು. ಅಳೆಯಿರಿ. ಈಗ ವಿರುದ್ಧ ದಿಕ್ಕಿಗೆ ಅಷ್ಟೇ ಎಳೆಯಿರಿ. ಮತ್ತೆ ಹೊದಿಸಿ, ಮತ್ತೆ ಅಳೆಯಿರಿ. ನೀವು ಎಳೆದದ್ದು ಎಷ್ಟೆಂದು ನಿಮಗೆ ಗೊತ್ತು. ನಿಮ್ಮ ಅಳತೆಗೋಲು ಎಷ್ಟೆಂದು ಹೇಳಿತು? ನೂರು ಎಳೆದಾಗ ಎಪ್ಪತ್ತು ಎಂದಿತೇ? ಹಾಗಾದರೆ ಈ ಚಿತ್ರದ ಮೇಲೆ, ಈ ಗದ್ದಲದಲ್ಲಿ, ನಿಮ್ಮ ಕೈ ನೂರನ್ನು ಎಪ್ಪತ್ತೆಂದು ಓದುತ್ತದೆ. ವಿಶ್ವ ಎಳೆದದ್ದನ್ನೂ ಹಾಗೆಯೇ ಓದಿರಬೇಕು. ಕೋಟಿ ಗೆಲಾಕ್ಸಿಗಳಲ್ಲಿ ಈ ಉತ್ತರವನ್ನು ಸರಾಸರಿ ಮಾಡಿ ಭಾಗಿಸಿದರೆ ವಾಲು ಕಳೆಯಿತು.

ಗೆಲಾಕ್ಸಿಗಳು ಹೇಗಿರುತ್ತವೆಂದು ಯಾರೂ ಊಹಿಸಬೇಕಿಲ್ಲ, ಕೃತಕ ಆಕಾಶ ಬೇಕಿಲ್ಲ. ಅಳೆದ ಚಿತ್ರವನ್ನೇ ಕರೆದು, ನಿನ್ನನ್ನು ಓದಿದ ಕಣ್ಣು ಎಷ್ಟು ತಪ್ಪುತ್ತದೆ ಹೇಳು ಎಂದು ಕೇಳುವ ಈ ಚೆಲುವನ್ನು ಓದಿದ ರಾತ್ರಿ ನಾನು ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ.

ಒಳಗಿನ ಕೆಲಸ ಇನ್ನೂ ಸೂಕ್ಷ್ಮ. ಚಿತ್ರವನ್ನು ಎಳೆದಾಗ ಗೆಲಾಕ್ಸಿಯ ಜೊತೆಗೆ ಅದರ ಮೇಲಿನ ಗದ್ದಲವೂ ಎಳೆಯಲ್ಪಡುತ್ತದೆ. ವಿಶ್ವ ಎಳೆದಾಗ ಹಾಗಾಗಿರಲಿಲ್ಲ, ಏಕೆಂದರೆ ಗದ್ದಲ ಹುಟ್ಟಿದ್ದೇ ಕೊನೆಗೆ, ಕ್ಯಾಮೆರಾದಲ್ಲಿ. ಆದ್ದರಿಂದ ಬೇರೊಂದು ಹೊಸ ಗದ್ದಲವನ್ನು ತಂದು, ತೊಂಬತ್ತು ಡಿಗ್ರಿ ತಿರುಗಿಸಿ, ಅದೇ ಎಳೆತಕ್ಕೆ ಒಡ್ಡಿ, ಮರಳಿ ತಿರುಗಿಸಿ ಚಿತ್ರಕ್ಕೆ ಸೇರಿಸುತ್ತಾರೆ. ಒಂದರ ಡೊಂಕು ಇನ್ನೊಂದರ ಡೊಂಕನ್ನು ನುಂಗಿಕೊಳ್ಳುತ್ತದೆ. ಗದ್ದಲವನ್ನು ಸರಿಪಡಿಸಲು ಗದ್ದಲವನ್ನೇ ಕೂಡುವುದು! ಇಷ್ಟಕ್ಕೂ ಯಾವ ಗೆಲಾಕ್ಸಿಯನ್ನು ಲೆಕ್ಕಕ್ಕೆ ಹಿಡಿದೆ, ಯಾವುದನ್ನು ಬಿಟ್ಟೆ ಎಂಬ ಆಯ್ಕೆಯಲ್ಲೂ ವಾಲು ಕೂತಿರುತ್ತದೆ; ಎಳೆದ ಪ್ರತಿಗಳ ಮೇಲೆ ಅದೇ ಜರಡಿ ಹಿಡಿದು ಅದನ್ನೂ ಅಳೆದುಬಿಡುತ್ತಾರೆ. ಡಾರ್ಕ್ ಎನರ್ಜಿ ಸರ್ವೆಯ ಮೊದಲ ಮೂರು ವರ್ಷಗಳ ಪಟ್ಟಿಯಲ್ಲಿ ಹೀಗೆ ಒರೆಗೆ ಹಚ್ಚಿದ ಗೆಲಾಕ್ಸಿಗಳು 10 ಕೋಟಿ.

ಆಮೇಲೂ ಒಂದು ವಾಲು ಉಳಿಯಿತು, ಶೇಕಡಾ ಎರಡರ ಆಸುಪಾಸು. ಕಾರಣ ನೆರೆಹೊರೆ. ಎರಡು ಗೆಲಾಕ್ಸಿಗಳು ನಮ್ಮ ಕಣ್ಣಿಗೆ ಒಂದರ ಮೇಲೊಂದು ಬಿದ್ದು ಒಂದೇ ಮಚ್ಚೆಯಾಗಿ ಕಾಣುತ್ತವೆ. ಅವು ನಿಜಕ್ಕೂ ನೆರೆಯವರಲ್ಲ. ಒಂದು ಹತ್ತಿರ, ಇನ್ನೊಂದು ಬಲುದೂರ. ದೂರದ್ದರ ಬೆಳಕು ಹೆಚ್ಚು ದಾರಿ ನಡೆದು ಹೆಚ್ಚು ಎಳೆಸಿಕೊಂಡಿದೆ, ಹತ್ತಿರದ್ದು ಕಡಿಮೆ. ಬೆರೆತ ಮಚ್ಚೆಯಲ್ಲಿ ಎರಡು ಎಳೆತ ಹೆಣೆದುಕೊಂಡಿವೆ. ಇದಕ್ಕಾಗಿ ಕೃತಕ ಆಕಾಶಕ್ಕೆ ಮರಳಿದರು. ಜೊತೆಗೆ, ಎಳೆದ ಚಿತ್ರದಲ್ಲಿ ಗೆಲಾಕ್ಸಿಗಳನ್ನು ಮೊದಲಿನಿಂದ ಹುಡುಕಿ ಅಳೆಯುವ ಹೊಸ ವಿಧಾನವನ್ನೂ ಕಟ್ಟಿದರು. ಆರು ವರ್ಷಗಳ ಪೂರ್ತಿ ಪಟ್ಟಿ ಆ ವಿಧಾನದ್ದು. ಅದರಲ್ಲಿ ಸುಮಾರು 15 ಕೋಟಿ ಗೆಲಾಕ್ಸಿಗಳಿವೆ.

ಇಷ್ಟೆಲ್ಲ ಮಾಡಿದವರು ತಮ್ಮ ಮನಸ್ಸಿನ ವಾಲನ್ನೂ ಬಿಡಲಿಲ್ಲ. ಉತ್ತರ ಇಂತಿಷ್ಟೇ ಬರಬೇಕೆಂಬ ಆಸೆ ಯಾರಲ್ಲಿರುವುದಿಲ್ಲ? ಆಸೆಯ ಉತ್ತರ ಬಂದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಅದಕ್ಕೇ ಡಾರ್ಕ್ ಎನರ್ಜಿ ಸರ್ವೆಯವರು ತಮಗೇ ಗೊತ್ತಿರದ ಒಂದು ಗುಣಕದಿಂದ ಎಲ್ಲ ಆಕಾರಗಳನ್ನೂ ಗುಣಿಸಿಟ್ಟು ಕೆಲಸ ಮಾಡಿದರು. ಯುರೋಪಿನ ಕಿಡ್ಸ್ ಸಮೀಕ್ಷೆಯವರು ಮೂರು ಪಟ್ಟಿ ಇಟ್ಟುಕೊಂಡರು. ಒಂದು ಮಾತ್ರ ನಿಜ, ಯಾವುದೆಂದು ವಿಶ್ಲೇಷಿಸುವವರಿಗೆ ಗೊತ್ತಿಲ್ಲ. ಎಲ್ಲ ಪರೀಕ್ಷೆ ಮುಗಿದು, ಇನ್ನು ಏನನ್ನೂ ಮುಟ್ಟುವುದಿಲ್ಲ ಎಂದು ಕೈಕಟ್ಟಿದ ಮೇಲೆ ತೆರೆ ಸರಿಯುತ್ತದೆ. ಆ ಗಳಿಗೆಯ ಕೋಣೆಯನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ಈ ಶ್ರದ್ಧೆ ಯಾಕೆ ಬೇಕಿತ್ತೆಂದು ಕಿಡ್ಸ್ ಕಥೆಯೇ ಹೇಳುತ್ತದೆ. ದ್ರವ್ಯ ಎಷ್ಟು ಗಂಟುಗಟ್ಟಿದೆ ಎಂಬುದಕ್ಕೆ ಎಸ್8 ಎಂಬ ಸಂಖ್ಯೆಯಿದೆ. ವಿಶ್ವದ ಬಾಲ್ಯದ ಬೆಳಕನ್ನು ನೋಡಿದ ಪ್ಲಾಂಕ್ ಉಪಗ್ರಹದ ಲೆಕ್ಕ ಸುಮಾರು 0.83. ಕಿಡ್ಸ್ 2020ರ ಸುಮಾರಿಗೆ ಹೇಳಿದ್ದು 0.766. ನಡುವಿನ ಅಂತರ ಶೇಕಡಾ ಎಂಟರ ಹತ್ತಿರ. ಹೊಸ ಭೌತಶಾಸ್ತ್ರವೇ ಬೇಕೇನೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಆ ತಂಡ ಮತ್ತೆ ಕೂತು, ತನ್ನ ಸಮೀಕ್ಷೆಯ ಪಾಲಿನ ಆಕಾಶವನ್ನು ಪೂರ್ತಿ ಸೇರಿಸಿ, ಗೆಲಾಕ್ಸಿಗಳ ದೂರದ ಅಂದಾಜನ್ನೂ ಆಕಾರದ ಒರೆಯನ್ನೂ ಹೊಸದಾಗಿ ತಿದ್ದಿ, 2025ರಲ್ಲಿ 0.815 ಎಂದಿತು. ಪ್ಲಾಂಕಿನೊಡನೆ ಜಗಳ ಅಲ್ಲಿಗೆ ಕರಗಿತು. ತಾವೇ ಕೊಟ್ಟ ಹೆಸರುವಾಸಿ ಉತ್ತರವನ್ನು ತಾವೇ ತಿದ್ದಿದ ಆ ಕೈಗಳಿಗೆ ನಾನು ಮನಸಾರೆ ಮುಗಿಯುತ್ತೇನೆ.

ಮುಂದಿನ ಒರೆ ಇನ್ನೂ ನುಣುಪು. 2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ಎಂಬ ಬಾಹ್ಯಾಕಾಶ ದೂರದರ್ಶಕ ಗುಣಿಸುವ ವಾಲನ್ನು ಸಾವಿರಕ್ಕೆ ಎರಡರೊಳಗೆ ತಿಳಿಯಬೇಕು. ಚಿಲಿಯ ಸೆರೊ ಪಚೋನ್ ಬೆಟ್ಟದ ಮೇಲೆ ವೆರಾ ರೂಬಿನ್ ವೀಕ್ಷಣಾಲಯದ 320 ಕೋಟಿ ಪಿಕ್ಸೆಲ್ಲುಗಳ ಕ್ಯಾಮೆರಾ 2025ರ ಜೂನಿನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದೆ. ರೊಟ್ಟಿಯ ಎರಡು ಮಿಲಿಮೀಟರನ್ನೇ ಅಳೆಯುವುದು ಕಷ್ಟವೆಂದೆವು. ಇನ್ನು ಆ ಎರಡು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿನ ಲೆಕ್ಕ ಕೊಡಬೇಕು.

ಪರದೆಯ ಮೇಲೆ ಮಚ್ಚೆ ಹಾಗೆಯೇ ಇದೆ. ಕಣ್ಣು ಕಿರಿದುಮಾಡಿ ನೋಡಿದರೆ ಬಡಗಣ ಮೂಲೆಗೆ ತುಸು ಉದ್ದವೆನಿಸುತ್ತದೆ. ಅದರಲ್ಲಿ ಹುಟ್ಟಿನದೆಷ್ಟು, ಗಾಳಿಯದೆಷ್ಟು, ಮರದುಂಗುರದ್ದೆಷ್ಟು, ದಾರಿಯಲ್ಲಿ ಸಿಕ್ಕ ಕಾಣದ ದಿಬ್ಬದ್ದೆಷ್ಟು? ಇದೊಂದು ಮಚ್ಚೆಯನ್ನು ಕೇಳಿದರೆ ಹೇಳುವುದಿಲ್ಲ. ಹದಿನೈದು ಕೋಟಿ ಒಟ್ಟಿಗೆ ಕೂತು, ಮೊದಲು ನಮ್ಮ ಹೆಜ್ಜೆಯ ಡೊಂಕನ್ನು ಹೇಳುತ್ತವೆ. ಅದನ್ನು ತಾಳ್ಮೆಯಿಂದ ಕೇಳಿಸಿಕೊಂಡವರಿಗೆ ನೆಲದ ಡೊಂಕನ್ನೂ ಹೇಳುತ್ತವೆ.